ಆರನೇ ಗುರಿಯ ಮೇಲೆ ನನ್ನ ತಕರಾರು

ಮೂರನೇ ಗಣಿ,
ನೆರಳು ವರ್ಷ ನೂರ ಅರವತ್ತೊಂದು, ಹದಿಮೂರನೇ ತಿಂಗಳ ಮೂವತ್ತಮೂರನೇ ದಿನ.

ಗುರಿಹಾಳೆ ಬರೆದ ಅಕ್ಕನೋ ಅಣ್ಣನೋ ಆದ ನಿಮಗೆ,

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ನೆಟ್ಟಗಿಲ್ಲ ಅಂದುಕೊಳ್ಳಬೇಡಿ. ನಾವು ಕೆಳಗಿನ ನೆರಳಿಗೆ ಇಳಿದಂದಿನಿಂದ ಎಣಿಸುವ ವರ್ಷ ಇದು, ಅದಕ್ಕೆ ಹದಿಮೂರು ತಿಂಗಳು. ಹದಿಮೂರನೆಯದು ಬರೀ ಬೆಂಕಿ ಬಿಸಿಲಿನದು, ಅದು ತಣಿಯುವ ತನಕ ದಿನ ಎಣಿಸುತ್ತಲೇ ಹೋಗುತ್ತೇವೆ, ಹಾಗಾಗಿ ಮೂವತ್ತಮೂರು ಅಂತ ಬರೆದದ್ದು ಕೈತಪ್ಪಲ್ಲ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ಇನ್ನೂರು ದಾಟಿ ಎಷ್ಟೋ ಆಗಿರಬೇಕು, ಸರಿಯಾಗಿ ಹೇಳುವವರು ಇಲ್ಲಿ ಯಾರೂ ಉಳಿದಿಲ್ಲ. ನನ್ನ ಮಾತಿನಲ್ಲಿ ನೀವು ಕೇಳದ ಶಬ್ದಗಳು ಬರುತ್ತವೆ, ಕೇಳಿದ ಶಬ್ದಗಳೂ ಓರೆಯಾಗಿ ಬರುತ್ತವೆ. ನಾನು ಮೂರನೇ ತರಗತಿ ಮುಗಿಸದವಳು. ಶ, ಷ, ಸ ಮೂರೂ ನನ್ನ ಕೈಯಲ್ಲಿ ಜಾಗ ಬದಲಾಯಿಸುತ್ತವೆ. ಕಡ್ಡಿಯನ್ನು ಮಸಿಯಲ್ಲಿ ಅದ್ದಿ ಬಟ್ಟೆಯ ಮೇಲೆ ಈ ಒಂದು ಪತ್ರವನ್ನು ಬರೆಯುತ್ತಿರುವುದು ಇದು ಮೂರನೇ ಸಲ. ಮೊದಲನೆಯದು ಬಹಳ ಸಿಟ್ಟಿನದಾಯಿತು, ಎರಡನೆಯದು ಬಹಳ ಅಳುವಿನದಾಯಿತು, ಮೂರನೆಯದು ಹೇಗಾಗುತ್ತದೋ ನೋಡೋಣ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ. ನಗಬೇಡಿ ಅಂತ ಹೇಳಲಾರೆ, ಆದರೆ ಪೂರ್ತಿ ಓದಿದ ಮೇಲೆ ನಗಿ.

ನನ್ನ ಹೆಸರು ಸಾಬಮ್ಮ. ಕಾದಂಬರಿ ಬರೆಯುವುದು ನನ್ನ ಕೆಲಸ, ಅಥವಾ ನಾಳೆಯ ತನಕವಾದರೂ ಅದು ನನ್ನ ಕೆಲಸ. ನಾವಿರುವುದು ನಿಮ್ಮ ಕಾಲದವರು ಹಾಸುಗಲ್ಲು ತೆಗೆದು ತೆಗೆದು ಬಿಟ್ಟುಹೋದ ಹಳ್ಳಗಳಲ್ಲಿ. ಇಂಥ ಗಣಿ ಒಟ್ಟು ಹನ್ನೆರಡು, ಒಂದರಿಂದ ಇನ್ನೊಂದಕ್ಕೆ ಕೊರೆದ ಬೋಗದಗಳುಂಟು, ನೆಲದ ಮೇಲೆ ಹೋಗದೆಯೇ ಹನ್ನೆರಡನ್ನೂ ಸುತ್ತಿ ಬರಬಹುದು. ಮೇಲೆ ಯಾರೂ ವಾಸ ಇಲ್ಲ. ಮೆಟ್ಟಿಲು ಮೆಟ್ಟಿಲಾದ ಗಣಿಯ ಬದುಗಳಲ್ಲಿ ನೆರಳಿಗೆ ಚಾದರ ಕಟ್ಟಿ ಜೋಳ ಬೆಳೆಯುತ್ತೇವೆ. ಬೆಳಕು ಬೇಕಾದರೆ ಮೇಲಿನ ಕನ್ನಡಿಗಳನ್ನು ಹಗ್ಗದಿಂದ ತಿರುಗಿಸಿ ಕೆಳಗಿಳಿಸಿಕೊಳ್ಳುತ್ತೇವೆ. ನೀರು ಇನ್ನೂ ಆಳದಲ್ಲಿದೆ, ಅದನ್ನು ಎತ್ತಲು ದೊಡ್ಡ ರಾಟೆ ಇದೆ, ಮೈಯಲ್ಲಿ ಶಕ್ತಿ ಇರುವವರೆಲ್ಲ ಪಾಳಿಯ ಮೇಲೆ ಅದನ್ನು ತಿರುಗಿಸಬೇಕು. ಬೆಳಗಿನ ಹತ್ತರಿಂದ ಸಂಜೆ ಐದರ ತನಕ ಏನೂ ಮಾಡುವ ಹಾಗಿಲ್ಲ, ಬದುವಿನ ಕೆಲಸವೂ ಇಲ್ಲ, ರಾಟೆಯೂ ಇಲ್ಲ. ಅದಕ್ಕೆ ನಾವು ಸುಡುಹೊತ್ತು ಅನ್ನುತ್ತೇವೆ. ಹಸಿ ಗೋಣಿ ತೂಗುಹಾಕಿ, ತಣ್ಣನೆ ಹಾಸಿನ ಮೇಲೆ ಅಂಗಾತ ಬಿದ್ದುಕೊಂಡು ಊರಿಗೆ ಊರೇ ಕತೆ ಕೇಳುವ ಹೊತ್ತು ಅದು. ಕಾದಂಬರಿ ಇಲ್ಲಿ ಸತ್ತಿಲ್ಲ, ಅದಕ್ಕೆ ನೀವು ಸಂತೋಷಪಡಬಹುದು. ಕಾಗದ ಇಲ್ಲದ್ದರಿಂದ ಹಾಸುಗಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತೇವೆ, ಒಂದು ಕಾದಂಬರಿ ಅಂದರೆ ಅರವತ್ತೆಪ್ಪತ್ತು ಕಲ್ಲು. ಕಟ್ಟಕಡೆಯ ಕಲ್ಲಿಗೆ ಕೊನೆಗಲ್ಲು ಅಂತ ಹೆಸರು. ಅದನ್ನು ಬರೆದವರು ತಮ್ಮ ಮನೆಯಲ್ಲೇ ಗೋಡೆಗೆ ಮುಖ ಮಾಡಿ ನಿಲ್ಲಿಸಿರಬೇಕು, ಓದುವ ದಿನದ ತನಕ ಹೆತ್ತ ತಾಯಿಯೂ ತಿರುಗಿಸಿ ನೋಡುವ ಹಾಗಿಲ್ಲ. ಇದು ನನ್ನ ಅಜ್ಜಿಯ ಅಜ್ಜಿಯ ಕಾಲದಿಂದ ಬಂದ ಪದ್ಧತಿ. ಅದನ್ನು ನಾನು ಮುರಿದೆ. ಮುರಿದದ್ದು ನಿಮ್ಮ ಮಾತು ಕೇಳಿ.

ನಿಮ್ಮ ಹಾಳೆ ನನಗೆ ಸಿಕ್ಕಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಮೇಲಿನ ಹಾಳೂರಿಗೆ ಕಲ್ಲು ಕೀಳಲು ಹೋಗಿದ್ದೆವು. ಒಂದು ಮನೆಯ ನೆಲಹಾಸು ಎಬ್ಬಿಸಿದಾಗ ಕೆಳಗೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಒಂದೇ ಒಂದು ಹಾಳೆ. ಒಬ್ಬ ಕಾದಂಬರಿಕಾರರ ಮುಂದಿನ ವರ್ಷದ ಗುರಿಗಳು ಅಂತ ಮೇಲೆ ಬರೆದು ಅಡಿಗೆರೆ ಎಳೆದಿದ್ದಿರಿ. ಹೆಸರಿಲ್ಲ. ಎಂಟು ಗುರಿ ಓದಲು ನನಗೆ ಎಂಟು ದಿನ ಹಿಡಿಯಿತು. ದಿನಕ್ಕೆ ಐನೂರು ಪದ, ಹಬ್ಬದ ದಿನವೂ. ಯುಗಾದಿಯೊಳಗೆ ಮೊದಲ ಕರಡು. ಐದನೆಯದು ಹನ್ನೆರಡು ಊರು, ಹನ್ನೆರಡು ಪುಸ್ತಕದಂಗಡಿ. ನಮ್ಮ ಗಣಿಗಳೂ ಹನ್ನೆರಡು! ನನಗಂತ ಯಾರೋ ಮೊದಲೇ ಬರೆದಿಟ್ಟು ಹೋಗಿದ್ದಾರೆ ಅನ್ನಿಸಿ ಮೈ ಜುಂ ಅಂದಿತು. ನನಗೆ ಕಲಿಸಲು ಯಾರಿದ್ದರು? ಗುರು ಅಂತ ಸಿಕ್ಕಿದ್ದು ನೀವೊಬ್ಬರು. ಹನ್ನೆರಡು ವರ್ಷ ಆ ಹಾಳೆಯನ್ನು ದಿಂಬಿನ ಹೊಲಿಗೆಯೊಳಗೆ ಇಟ್ಟುಕೊಂಡು ಮಲಗಿದ್ದೇನೆ.

ನಮ್ಮಲ್ಲಿ ವರ್ಷಕ್ಕೊಮ್ಮೆ ಒಪ್ಪಿನ ದಿನ ಅಂತ ಬರುತ್ತದೆ. ಬರೆಯುವವರು ಹನ್ನೆರಡು ಗಣಿಯ ಹಿರಿಯರ ಮುಂದೆ ನಿಂತು ಈ ವರ್ಷ ಏನು ಬರೆಯುತ್ತೇನೆ, ಅದನ್ನು ಯಾರಿಗೆ ಹೇಗೆ ಮುಟ್ಟಿಸುತ್ತೇನೆ ಅಂತ ಹೇಳಬೇಕು. ಒಪ್ಪಿದರೆ ಒಂದು ವರ್ಷ ರಾಟೆಯಿಂದ ಬಿಡುವು. ವರ್ಷದ ಕೊನೆಗೆ ಕನಿಷ್ಠ ಏಳು ಗಣಿಯವರು ನಮಗೆ ಈ ಕತೆ ಬೇಕು ಅಂತ ಬಂದರೆ ಇನ್ನೊಂದು ವರ್ಷ ಬಿಡುವು. ಇಲ್ಲವಾದರೆ ಮರಳಿ ರಾಟೆ. ಬಿಡುವು ಅಂದರೆ ಆರಾಮ ಅಂತ ತಿಳಿಯಬೇಡಿ. ರಾಟೆ ತಿರುಗಿಸಿದ ಕೈ ಪಾಳಿ ಮುಗಿದ ಮೇಲೂ ನಡುಗುತ್ತಿರುತ್ತದೆ, ಸುಣ್ಣದ ಕಡ್ಡಿ ಹಿಡಿದರೆ ಅಕ್ಷರ ಹುಳದ ಹಾಗೆ ಹರಿದಾಡುತ್ತದೆ. ಬಿಡುವು ಇಲ್ಲದೆ ಬರೆದವರು ನಮ್ಮಲ್ಲಿ ಯಾರೂ ಇಲ್ಲ. ಹೋದ ವರ್ಷ ಮೊದಲ ಸಲ ನನ್ನ ಸರದಿ ಬಂದಾಗ ನಿಮ್ಮ ಎಂಟೂ ಗುರಿಗಳನ್ನು ಬಾಯಿಪಾಠ ಒಪ್ಪಿಸಿದೆ. ಮೂರನೇ ಗುರಿ ವಾರಕ್ಕೆ ಮೂರು ರೀಲ್ಸ್ ಅಂದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ರೀಲು ಅಂದರೆ ದಾರದ ರೀಲೇ ಇರಬೇಕು ಅಂತ ನಾನು ನಂಬಿದ್ದೆ, ಮೂರು ತಿಂಗಳು ಅಚ್ಚುಕಟ್ಟಾಗಿ ದಾರ ಸುತ್ತಿಟ್ಟೆ. ಮುಖಪುಟ ಅನಾವರಣ ಅಂತ ನಾಲ್ಕನೆಯದು. ಮೊದಲನೇ ಕಲ್ಲಿಗೆ ಅವ್ವನ ಹಳೇ ಇಳಕಲ್ ಸೀರೆ ಹೊದಿಸಿ ಓಣಿಯವರನ್ನೆಲ್ಲ ಕರೆದು ಸರಕ್ಕನೆ ಎಳೆದೆ. ಅವ್ವ ಚಂದಮ್ಮ ಮೂಲೆಯಲ್ಲಿ ಕೂತು, ಏನವ್ವ ಇದು, ಕಲ್ಲಿಗಿ ವರ ನೋಡ್ಲಾಕ ಬಂದಾರೇನು, ಹಂಗಾದ್ರ ನಿಂಗ ಯಾವಾಗ ಸೀರಿ ಹೊದಿಸೋದು ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ನಗಲು ಬರುತ್ತಿತ್ತು.

ಇನ್ನು ಕತೆಯ ವಿಷಯ. ಅದನ್ನು ಹೇಳದಿದ್ದರೆ ಮುಂದಿನದು ನಿಮಗೆ ಗೊತ್ತಾಗುವುದಿಲ್ಲ. ನಾನು ಎಂಟು ವರ್ಷದವಳಿದ್ದಾಗ ಮೂರನೇ ಗಣಿಗೂ ಏಳನೇ ಗಣಿಗೂ ನಡುವಿನ ಬೋಗದ ಕುಸಿಯಿತು. ಒಳಗೆ ಐದು ಜನ ಇದ್ದರು. ನನ್ನ ಅಪ್ಪ, ನಮ್ಮ ಶಾಲೆಯ ಮಾಸ್ತರರು, ಇನ್ನು ಮೂವರು. ಈ ಕಡೆಯಿಂದ ನಮ್ಮವರು ಅಗೆದರು, ಆ ಕಡೆಯಿಂದ ಏಳನೇ ಗಣಿಯವರು ಅಗೆಯಬೇಕು. ಹಾರೆ ಬಡಿಯುವ ಸಪ್ಪಳ ಆ ಕಡೆಯಿಂದ ಬರುತ್ತಲೇ ಇತ್ತು, ಅವರೂ ಅಗೆಯುತ್ತಿದ್ದಾರೆ, ಇನ್ನೇನು ಸೇರುತ್ತೇವೆ ಅಂತ ನಮ್ಮವರು ಹನ್ನೊಂದು ದಿನ ಅನ್ನ ನೀರು ಬಿಟ್ಟು ಅಗೆದರು. ಹನ್ನೊಂದನೇ ದಿನ ದಾರಿ ಬಿಟ್ಟಿತು. ಐವರೂ ಹೋಗಿದ್ದರು. ಆ ಕಡೆಯವರು ಅಗೆದದ್ದು ಬರೀ ಮೂರು ಮಾರು, ಅದರಾಚೆ ಒಂದು ಕಲ್ಲೂ ಅಲುಗಿರಲಿಲ್ಲ. ಮೇಲಿನ ಛಾವಣಿ ತಮ್ಮ ಮೇಲೂ ಬಿದ್ದೀತು ಅಂತ ಹೆದರಿ ಅವರು ಮೂರನೇ ದಿನವೇ ಅಗೆಯುವುದು ಬಿಟ್ಟಿದ್ದರು. ಬಿಟ್ಟೆವು ಅಂತ ಹೇಳಲು ಮುಖ ಇಲ್ಲದೆ, ಒಬ್ಬ ಕೂತುಕೊಂಡು ಒಂದೇ ಜಾಗಕ್ಕೆ ಹಾರೆ ಬಡಿಯುತ್ತಿದ್ದ. ಬಡಿದು ಬಡಿದು ಆ ಕಲ್ಲು ಅಂಬಲಿ ಬಟ್ಟಲಿನ ಹಾಗೆ ನುಣ್ಣಗೆ ತಗ್ಗಾಗಿತ್ತು. ದೊಡ್ಡವರು ನನ್ನನ್ನು ಹಿಂದೆ ತಳ್ಳುವ ಮುಂಚೆ ಆ ತಗ್ಗಿನಲ್ಲಿ ನಾನು ಕೈ ಇಟ್ಟು ನೋಡಿದ್ದೆ. ಅವತ್ತಿನಿಂದ ಶಾಲೆಯೂ ಇಲ್ಲ. ಆಮೇಲೆ ಎರಡೂ ಗಣಿಯ ಹಿರಿಯರು ಕೂತು ಈ ಮಾತು ಯಾರೂ ಎತ್ತಬಾರದು ಅಂತ ತೀರ್ಮಾನ ಮಾಡಿದರು. ಕೊಟ್ಟು ತಂದ ಹೆಣ್ಣುಮಕ್ಕಳಿದ್ದರಲ್ಲ ಎರಡೂ ಕಡೆ.

ನಾನು ಎತ್ತಲಿಲ್ಲ. ಕತೆ ಬರೆದೆ. ಅಕ್ಕ ತಂಗಿ ಇಬ್ಬರು, ನಡುವೆ ಕುಸಿದ ಬಂಡೆ, ಎರಡೂ ಕಡೆಯಿಂದ ಅಗೆಯುತ್ತಾರೆ. ಅರವತ್ತಮೂರು ಕಲ್ಲು ತುಂಬ ತಂಗಿ ಅಗೆಯುತ್ತಾಳೆ, ಅಕ್ಕನ ಹಾರೆಯ ಸಪ್ಪಳವೇ ಅವಳಿಗೆ ಊಟ, ಅದೇ ಅವಳಿಗೆ ನಿದ್ದೆ. ಕೊನೆಗಲ್ಲಿನಲ್ಲಿ ಮಾತ್ರ ನಾವು ಅಕ್ಕನ ಕಡೆ ಹೋಗುತ್ತೇವೆ. ಅಕ್ಕ ಅಗೆಯುತ್ತಿಲ್ಲ. ಕೂತು ಬಡಿಯುತ್ತಿದ್ದಾಳೆ. ಅಷ್ಟೇ. ಈ ಇಪ್ಪತ್ತೆರಡು ಸಾಲು ಬರೆಯಲು ನನಗೆ ಐದು ತಿಂಗಳು ಬೇಕಾಯಿತು. ನಿಮ್ಮ ಐನೂರು ಪದ ಅಲ್ಲಿ ನಡೆಯಲಿಲ್ಲ, ಕೆಲವು ದಿನ ಒಂದು ಪದವೂ ಇಲ್ಲ, ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದೇ ಕೆಲಸ.

ಬರೆದು ಮುಗಿದ ಮೇಲೆ ನನ್ನ ಹಳೇ ರೋಗ ಶುರುವಾಯಿತು. ಹಾಸಿಗೆಯಿಂದ ಎದ್ದು ಎದ್ದು ಕಲ್ಲು ನೋಡುವುದು. ಸುಣ್ಣ ಅಳಿಸಿತೇ, ಅಕ್ಷರ ತಪ್ಪಿತೇ, ಓದುವ ದಿನ ಕಲಿತವರು ಯಾರಾದರೂ ಬಂದು ಈ ಹೆಂಗಸಿಗೆ ಸಂಕಟ ಅಂತ ಬರೆಯಲೂ ಬರುವುದಿಲ್ಲ ಅಂದರೆ? ಅವತ್ತು ಹಾಳೆ ತೆಗೆದು ಆರನೇ ಗುರಿ ಓದಿದೆ. ನಿಮಗೆ ಮರೆತಿರಬಹುದು, ನಾನೇ ಬರೆಯುತ್ತೇನೆ. ಬಿಡುಗಡೆಗೆ ಮುಂಚೆ ಪೂರ್ತಿ ಹಸ್ತಪ್ರತಿ, ಕೊನೆಯೂ ಸೇರಿ, ಒಬ್ಬ ನಂಬಿಗಸ್ಥರಿಗೆ ಕೊಡುವುದು. ಪ್ರಚಾರ ಮಾಡುವವರಿಗೆ ಕೊನೆ ಗೊತ್ತಿದ್ದರೆ ಮಾತಿಗೆ ಬಲ ಬರುತ್ತದೆ. ಹೀಗಂತ ನೀವೇ ಬರೆದಿದ್ದಿರಿ, ನಂಬಿಗಸ್ಥರಿಗೆ ಅನ್ನುವ ಪದಕ್ಕೆ ಎರಡು ಗೆರೆ ಎಳೆದಿದ್ದಿರಿ.

ನನ್ನ ಪಾಲಿನ ನಂಬಿಗಸ್ಥರು ಅಂದರೆ ನೀಲಗಂಗಾ. ಚಿಕ್ಕಂದಿನಿಂದ ಒಂದೇ ರೊಟ್ಟಿ ಮುರಿದು ತಿಂದವರು ನಾವು, ರಾಟೆಯಲ್ಲೂ ಪಕ್ಕಪಕ್ಕದ ಹಿಡಿಕೆ. ಅವಳು ಬೇರೆ ಗಣಿಗೆ ಹೋಗಿ ಹತ್ತನೇ ತರಗತಿ ಓದಿ ಬಂದಳು. ದನಿ ಅಂದರೆ ದನಿ, ನೀರು ಕೇಳಿದರೂ ಹಾಡು ಕೇಳಿದ ಹಾಗಿರುತ್ತದೆ. ಅದಕ್ಕೇ ಅವಳು ರುಚಿಗಾರ್ತಿ. ನಿಮ್ಮ ಕಾಲದ ಪ್ರಚಾರದ ಕೆಲಸ ನಮ್ಮಲ್ಲಿ ರುಚಿಗಾರ್ತಿಯರದು. ಗಣಿಯಿಂದ ಗಣಿಗೆ ಹೋಗಿ, ಸುಡುಹೊತ್ತಿನಲ್ಲಿ ಕತೆಯನ್ನು ಅರ್ಧ ಹೇಳಿ, ಜನಕ್ಕೆ ರುಚಿ ಹತ್ತಿತು ಅನ್ನುವಾಗ ಸೀರೆ ಕೊಡವಿ ಎದ್ದು ಬರುವವಳು. ರುಚಿಗಾರ್ತಿಗೆ ಕೊನೆ ಗೊತ್ತಿರಬಾರದು ಅನ್ನುವುದು ಆ ಕೆಲಸದ ಮೊದಲ ಕಟ್ಟಳೆ. ಗೊತ್ತಿಲ್ಲದ್ದನ್ನು ಯಾರೂ ಬಾಯಿಬಿಡಿಸಲಾರರು. ನಾನು ಅವಳನ್ನು ಮನೆಗೆ ಕರೆದು ಕೊನೆಗಲ್ಲಿನ ಕಡೆ ಕೈ ತೋರಿಸಿದಾಗ ಅವಳು ಹಿಂದೆ ಸರಿದಳು. ಸುಳ್ಳು ಹೇಳುವುದಿಲ್ಲ ನಾನು, ಅವಳು ಬೇಡ ಅಂದಳು. ಬ್ಯಾಡ ಸಾಬಿ, ಕೊನಿ ನನ್ನ ಹೊಟ್ಟ್ಯಾಗ ಹಾಕಬ್ಯಾಡ, ನನ್ನ ಬಾಯಿಗಿ ಬೀಗ ಇಲ್ಲ, ನಿಂಗ ಗೊತ್ತದಲ್ಲ ಅಂದಳು. ನಾನೇ ಹಾಳೆ ತೋರಿಸಿದೆ. ನೋಡು, ತಿಳಿದವರು ಬರೆದಿದ್ದಾರೆ, ನನ್ನ ಅಕ್ಷರ ತಿದ್ದಿಕೊಡುವವರಾದರೂ ಯಾರು ಅಂತ ಅಂಗಲಾಚಿದೆ. ಅವಳು ಕಲ್ಲು ತಿರುಗಿಸಿ ಓದಿದಳು. ಎರಡು ಸಲ ಓದಿದಳು. ಒಂಬತ್ತು ಅಕ್ಷರ ತಿದ್ದಿದಳು. ಭಾಳ ಚೊಲೊ ಅದ ಅಂತ ನನ್ನ ಗಲ್ಲ ಹಿಡಿದಳು. ಅವಳ ಬೆರಳ ಸುಣ್ಣ ನನ್ನ ಗಲ್ಲಕ್ಕೆ ಹತ್ತಿತ್ತು. ನಾನು ಅದನ್ನು ಒರೆಸಿಕೊಳ್ಳದೆ ಇಡೀ ದಿನ ಓಡಾಡಿದೆ, ಹುಚ್ಚಿ.

ಅವಳು ಹೊರಟಳು. ಸುದ್ದಿಗಳು ಬಹಳ ಚೆನ್ನಾಗಿದ್ದವು, ಅದೇ ನನಗೆ ದಿಗಿಲು. ಒಂಬತ್ತನೇ ಗಣಿಯಲ್ಲಿ ಜನ ಹಾಸು ಸಾಲದೆ ಬದುಗಳ ಮೇಲೆ ಕೂತರಂತೆ. ಹತ್ತನೆಯದರಲ್ಲಿ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರಂತೆ. ಯಾಕೆ ಅತ್ತರು, ಅರ್ಧ ಕತೆಗೆ ಅಷ್ಟೊಂದು ಅಳು ಯಾಕೆ ಅಂತ ನಾನು ಕೇಳಿದರೆ, ನಮ್ಮ ಗಣಿಯ ಹಿರಿಯರಾದ ಲಾಡಲೇಸಾಬರು ನಕ್ಕು, ನಿನ್ನ ಕತಿ ಓಡ್ಲಾಕತ್ತದ, ನೀ ಅದರ ಕಾಲಿಗಿ ಮುಳ್ಳು ನಟ್ಟಾದೇನು ಅಂತ ಹುಡುಕ್ಲಾಕತ್ತೀದಿ, ಎಂಥಾ ಬುರುಡಿನವ್ವ ನಿಂದು ಅಂದರು. ನಿಮ್ಮ ಎಂಟನೇ ಗುರಿ ಬೇಗ ಮಲಗುವುದು ಅಂತ ಇತ್ತಲ್ಲ, ಅದೊಂದನ್ನು ಪಾಲಿಸಲು ನನ್ನಿಂದ ಆಗಲೇ ಇಲ್ಲ.

ಓದುವ ದಿನ ನಮ್ಮ ಗಣಿಯಲ್ಲೇ ಇತ್ತು, ಹದಿನೈದು ದಿನದ ಹಿಂದೆ. ಹತ್ತು ಗಣಿಯವರು ಬಂದಿದ್ದರು, ಏಳು ಸಾಕಾಗಿದ್ದ ಕಡೆ ಹತ್ತು. ನಾಲ್ಕು ಸುಡುಹೊತ್ತು ಓದಿದೆ. ನಾಲ್ಕನೆಯ ದಿನ ಕೊನೆಗಲ್ಲು ಎತ್ತಿಸಿ ತಂದೆ, ಕನ್ನಡಿ ತಿರುಗಿಸುವವರು ಬೆಳಕನ್ನು ಸರಿಯಾಗಿ ಅದರ ಮೇಲೆ ಬಿಟ್ಟರು. ಇಪ್ಪತ್ತೆರಡು ಸಾಲು ಓದಿ ಮುಗಿಸಿ ತಲೆ ಎತ್ತಿದೆ. ಯಾರೂ ಅಳುತ್ತಿರಲಿಲ್ಲ. ಯಾರೂ ಬೈಯಲೂ ಇಲ್ಲ. ಎಲ್ಲರ ಮುಖದಲ್ಲೂ ಪಾಪ ಅನ್ನುವ ಭಾವನೆ. ಎರಡನೇ ಗಣಿಯ ಒಬ್ಬ ಮುದುಕಿ ಎದ್ದು ಬಂದು ನನ್ನ ತಲೆ ಸವರಿ, ಯವ್ವಾ, ಇದು ನಿನ್ನ ಕಲ್ಲಲ್ಲ, ಯಾರೋ ಹೊಟ್ಟಿಕಿಚ್ಚಿನವ್ರು ಬದಲಿ ಮಾಡ್ಯಾರ, ಗಾಬ್ರಿ ಆಗಬ್ಯಾಡ, ಹುಡುಕಣು ಅಂದಳು. ಇದು ನನ್ನ ಕಲ್ಲೇ ಅಂದೆ. ಅಲ್ಲವ್ವ, ನಿನ್ನ ಕೊನಿ ನಮಗ ಗೊತ್ತದ, ಬಂಡಿಗಲ್ಲು ಸೀಳಿ ಅಕ್ಕನ ಕೈ ಬರ್ತದ, ತಂಗಿ ಅದನ್ನ ಹಿಡಕೋತಾಳ, ಎಂಥಾ ಚಂದ ಬರದೀದಿ ಅಂದಳು. ಸುತ್ತ ಹೌದು ಹೌದು ಅಂತ ದನಿ. ನಿಮಗೆ ಹೇಳಲು ನಾಚಿಕೆಯಾಗುತ್ತದೆ, ಜನ ನನ್ನ ಮನೆಗೆ ನುಗ್ಗಿ, ಪ್ರೀತಿಯಿಂದಲೇ, ಹಾಸಿಗೆ ಎತ್ತಿ, ಗಡಿಗೆ ಸರಿಸಿ, ನನ್ನ ನಿಜವಾದ ಕೊನೆಗಲ್ಲನ್ನು ಹುಡುಕಿದರು. ಇಲ್ಲದ ಕಲ್ಲು. ಸಿಗಲಿಲ್ಲ ಅಂತ ನನಗಿಂತ ಹೆಚ್ಚು ಅವರೇ ನೊಂದುಕೊಂಡರು.

ನೀಲಗಂಗಾಳನ್ನು ರಾಟೆಯ ಹತ್ತಿರ ಹಿಡಿದೆ. ಅವಳು ತಪ್ಪಿಸಿಕೊಳ್ಳಲಿಲ್ಲ. ಜನರ ಮುಖ ನೋಡಿ ತಡೆಯಲಾಗಲಿಲ್ಲ ಅಂದಳು. ಒಂಬತ್ತನೇ ಗಣ್ಯಾಗ ಒಬ್ಬಾಕಿ ನನ್ನ ಕೈ ಹಿಡದು ಮುಂದೇನಾತು ಹೇಳು ಅಂತ ಅತ್ಲು ಸಾಬಿ, ಆಕಿ ತಂಗಿ ಸತ್ತು ತಿಂಗಳಾಗಿಲ್ಲ, ಆಕಿಗಿ ಏನಂತ ಹೇಳ್ಲಿ, ಕೂಡಿದ್ರು ಅಂದೆ, ಒಂದು ಕಡಿ ಅಂದ ಮ್ಯಾಲ ಮುಂದ ಎಲ್ಲಾ ಕಡಿ ಅದೇ ಅನಬೇಕಾತು. ನಾನು ನಂಬಿದೆ. ನೋಡಿ, ಆಗಲೂ ನಂಬಿದೆ! ಅಂಥವಳಿಗೆ ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆನೇನೋ ಅಂತ ಮೂರು ದಿನ ನನ್ನನ್ನೇ ಬೈದುಕೊಂಡೆ. ನಾಲ್ಕನೇ ದಿನ ಏಳನೇ ಗಣಿಯಿಂದ ಉಪ್ಪು ತರುವ ಹೆಂಗಸರು ಬಂದರು. ಅವರು ಹೇಳಿದ್ದರಲ್ಲಿ ತಿಳಿಯಿತು, ನೀಲಗಂಗಾ ಎಲ್ಲಕ್ಕಿಂತ ಮೊದಲು ಹೋದದ್ದೇ ಏಳನೇ ಗಣಿಗೆ. ಒಂಬತ್ತಕ್ಕಿಂತ ಒಂದು ತಿಂಗಳು ಮುಂಚೆ. ಅಲ್ಲಿ ಯಾರೂ ಅತ್ತು ಕರೆದು ಕೇಳಿರಲಿಲ್ಲ. ಅರ್ಧಕ್ಕೆ ಎದ್ದು ಬರಬೇಕಾದವಳು ತಾನಾಗಿ ಕೊನೆಯ ತನಕ ಹೇಳಿ, ಅಕ್ಕ ತಂಗಿಯ ಕೈ ಕೂಡಿಸಿ ಬಂದಿದ್ದಳು. ಏಳನೇ ಗಣಿ ಅವಳ ತಾಯಿಯ ತವರು. ಕೂತು ಹಾರೆ ಬಡಿದವನು ಅವಳ ಸೋದರಮಾವ ಅಂತ ನನಗೆ ತಿಳಿದದ್ದು ಅವತ್ತೇ. ಅವನು ಇನ್ನೂ ಇದ್ದಾನೆ, ಹಲ್ಲಿಲ್ಲ, ಮುಂದಿನ ಸಾಲಿನಲ್ಲೇ ಕೂತಿದ್ದನಂತೆ. ನನ್ನ ಕಲ್ಲಿನ ಇಪ್ಪತ್ತೆರಡು ಸಾಲು ಯಾರ ಬಗ್ಗೆ ಅಂತ ಹನ್ನೆರಡು ಗಣಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳು. ಅದಕ್ಕೇ ಎರಡು ಸಲ ಓದಿದ್ದಳು. ಒಂಬತ್ತನೇ ಗಣಿಯ ತಂಗಿ ಸತ್ತವಳು ಇದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ, ವಿಚಾರಿಸಲು ಧೈರ್ಯ ಸಾಲಲಿಲ್ಲ.

ಮತ್ತೆ ಹೋಗಿ ಕೇಳಿದೆ. ಈ ಸಲ ಅವಳು ಕಣ್ಣು ತಪ್ಪಿಸಿದಳು. ಮಾವ ಸಾಯೋ ವಯಸ್ಸಿಗಿ ಬಂದಾನ, ಆತನ ಹೆಸರು ಕಲ್ಲಿನ ಮ್ಯಾಲ ಬರೀಬೇಕಿತ್ತೇನು ನಿಂಗ ಅಂದಳು. ಹೆಸರು ಎಲ್ಲೂ ಬರೆದಿಲ್ಲವಲ್ಲ ಅಂದೆ. ಬರದಿದ್ರ ಏನಾತು, ಎಲ್ಲರಿಗೂ ತಿಳೀತದ. ನೀ ಒಪ್ಪಿಕೊಂಡು ಬಿಡು, ಕತಿ ನಿಂದು, ಹೆಸರು ನಿಂದು, ಬಿಡುವು ನಿಂದು, ನಂಗೇನು ಬ್ಯಾಡ ಅಂದಳು. ಕೊಡುವವಳ ಹಾಗೆ ಹೇಳಿದಳು ನೋಡಿ. ನನ್ನದನ್ನೇ ನನಗೆ.

ಲಾಡಲೇಸಾಬರದೂ ಅದೇ ಮಾತು, ಸ್ವಲ್ಪ ಮೆತ್ತಗೆ. ನಾಳೆ ಒಪ್ಪಿನ ದಿನ. ನೀನು ಎದ್ದು ನಿಂತು, ಕಲ್ಲು ಬದಲಾಗಿತ್ತು, ಕೈ ಕೂಡಿದ್ದೇ ನನ್ನ ಕೊನೆ ಅಂತ ಒಂದು ಮಾತು ಅಂದರೆ ಸಾಕು, ಹತ್ತು ಗಣಿ ನಿನ್ನ ಕಡೆ ಇವೆ, ಇನ್ನೊಂದು ವರ್ಷ ಕೂತು ಬರಿ ಅನ್ನುತ್ತಾರೆ. ಇಲ್ಲ ಅಂದರೆ ಎರಡು ಗಣಿಯೂ ನಿಲ್ಲುವುದಿಲ್ಲ, ನಾಡಿದ್ದು ರಾಟೆ. ಅವರು ಕೆಟ್ಟವರಲ್ಲ. ಬೋಗದದ ತೀರ್ಮಾನ ಮಾಡಿದ ಹಿರಿಯರಲ್ಲಿ ಅವರೂ ಒಬ್ಬರು ಅನ್ನುವುದನ್ನು ಮಾತ್ರ ಅವರು ಹೇಳಲಿಲ್ಲ, ನಾನೂ ನೆನಪಿಸಲಿಲ್ಲ.

ಇಷ್ಟರ ತನಕ ನಾನು ತಡೆದುಕೊಂಡೆ. ತಡೆಯಲಾಗದ್ದು ಅವ್ವನ ಮಾತು. ಅವಳಾದರೂ ನನ್ನ ಕಡೆ ಇರುತ್ತಾಳೆ ಅಂದುಕೊಂಡಿದ್ದೆ, ಹೋದವನು ಅವಳ ಗಂಡ ತಾನೆ. ಇವತ್ತು ಸುಡುಹೊತ್ತಿನಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು, ಮೊರ ನಿಲ್ಲಿಸದೆ ಹೇಳಿದಳು. ಆ ಹನ್ನೊಂದು ದಿನ ನಾನೂ ಅಲ್ಲೇ ಇದ್ದೆ. ಹಾರಿ ಬಡಿಯೋ ಸಪ್ಪಳ ಬರ್ತಿತ್ತು, ಕಲ್ಲು ಬೀಳೋ ಸಪ್ಪಳ ಬರ್ತಿದ್ದಿಲ್ಲ. ನಾಕನೇ ದಿನಕ್ಕೇ ಗೊತ್ತಾತು ನಂಗ, ಅವ್ರು ಅಗೀಲಾಕತ್ತಿಲ್ಲಂತ. ನಾ ಯಾರಿಗೂ ಹೇಳಲಿಲ್ಲ. ಹೇಳಿದ್ರ ನಮ್ಮವರ ಕೈಯಾಗಿನ ಹಾರೀನೂ ಕೆಳಗ ಬೀಳ್ತಿತ್ತು. ಈಗ ನೀ ಅದನ್ನ ಹನ್ನೆರಡು ಗಣಿಗಿ ಓದಿ ಹೇಳ್ತಿ. ಕೈ ಕೂಡ್ಲಿ ಬಿಡು ತಾಯಿ. ಕತ್ಯಾಗರೆ ಕೂಡ್ಲಿ. ಹೀಗಂದು ಮೊರ ಕೆಳಗಿಟ್ಟು ನೀರು ಕುಡಿಯಲು ಹೋದಳು. ಇಪ್ಪತ್ತಮೂರು ವರ್ಷ ನಮ್ಮ ಮನೆಯಲ್ಲಿ ನಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದ ಮಾತು ಅವಳ ಹತ್ತಿರವೂ ಇತ್ತು, ಒಂದೇ ಕೋಣೆಯಲ್ಲಿ ಮಲಗಿ ನನಗೆ ಹೇಳಿರಲಿಲ್ಲ. ಅವಳ ಮೇಲೆ ಸಿಟ್ಟು ಮಾಡಲು ನನಗೆ ಹಕ್ಕಿದೆಯೋ ಇಲ್ಲವೋ ತಿಳಿಯುತ್ತಿಲ್ಲ. ಆದರೂ ಸಿಟ್ಟು ಬಂದಿದೆ. ನೀಲಗಂಗಾಳ ಮೇಲೆ ಬಂದದ್ದಕ್ಕಿಂತ ಹೆಚ್ಚು ಬಂದಿದೆ, ದೇವರು ನೋಡಿಕೊಳ್ಳಲಿ.

ಅವ್ವ ಎದ್ದು ಹೋದ ಮೇಲೆ ನಿಮ್ಮ ಹಾಳೆ ಬಿಡಿಸಿ ಮತ್ತೆ ಓದಿದೆ. ನಾಳೆ ಏನು ಹೇಳಬೇಕು ಅಂತ ಅದರಲ್ಲಿ ಎಲ್ಲಾದರೂ ಇರಬಹುದು ಅನ್ನುವ ಆಸೆಯಿಂದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಒಂದು ವಿಷಯ ಕಣ್ಣಿಗೆ ಬಿತ್ತು. ಎಷ್ಟು ಪದ ಅಂತ ಇದೆ. ಎಷ್ಟು ಊರು, ಎಷ್ಟು ರೀಲು, ಯಾವ ಹಬ್ಬದೊಳಗೆ, ಯಾರಿಗೆ ಕೊಡಬೇಕು, ಬೇರೆಯವರ ಪುಸ್ತಕ ಓಡಿದರೆ ಹೊಟ್ಟೆ ಉರಿಸಿಕೊಳ್ಳಬಾರದು ಅಂತಲೂ ಇದೆ. ಕತೆ ಯಾರದು, ಯಾವುದರ ಬಗ್ಗೆ ಅಂತ ಒಂದು ಅಕ್ಷರ ಇಲ್ಲ. ಅದನ್ನು ಯಾಕೆ ಬರೆಯಬೇಕು ಅಂತ ಇಲ್ಲ. ಎಂಟು ಗುರಿಯಲ್ಲಿ ಒಂದು ಕೂಡ, ಜನ ಬೇಡ ಅಂದರೂ ಬಿಟ್ಟುಕೊಡದೆ ಇರುವುದು ಯಾವುದು ಅಂತ ಹೇಳುವುದಿಲ್ಲ. ನಿಮಗೆ ಅದು ಗೊತ್ತಿತ್ತು, ಬರೆಯುವ ಅಗತ್ಯ ಕಾಣಲಿಲ್ಲ ಅಂತ ಇಟ್ಟುಕೊಳ್ಳೋಣ. ಆದರೆ ನಾನು ನಿಮ್ಮನ್ನು ಗುರು ಅಂತ ನಂಬಿದವಳು. ಇನ್ನೂರು ವರ್ಷ ದಾಟಿ ಬಂದು ಒಬ್ಬಳಿಗೆ ದಾರಿ ತೋರಿಸುವ ಹಾಳೆಯಲ್ಲಿ ಹೋಗಬೇಕಾದ ಊರಿನ ಹೆಸರೇ ಇಲ್ಲದಿದ್ದರೆ ಹೇಗೆ? ನೀಲಗಂಗಾ ಬೇಡ ಅಂದಿದ್ದಳು. ಕೊಡು ಅಂದವರು ನೀವು.

ನನ್ನ ಮುಂದಿನ ವರ್ಷದ ಗುರಿಗಳನ್ನು ನಾನೇ ಕೂಡಿಸಿಕೊಂಡಿದ್ದೇನೆ, ನಾಳೆ ಇದನ್ನೇ ಹೇಳುತ್ತೇನೆ. ಓದಿದ್ದೇ ನನ್ನ ಕೊನೆ, ಕಲ್ಲು ಬದಲಾಗಿಲ್ಲ. ಅಷ್ಟು ಹೇಳಿದ ಮೇಲೆ ರಾಟೆಗೆ ಹೋಗುವುದು. ಪಾಳಿ ಮುಗಿದು ಕೈ ನಡುಗುವಾಗಲೂ ದಿನಕ್ಕೆ ಐದು ಪದ ಬರೆಯುವುದು, ಐನೂರು ಅಲ್ಲ, ಐದು. ಹುಳದ ಹಾಗೆ ಕಂಡರೆ ಕಾಣಲಿ. ಪ್ರಚಾರಕ್ಕೆ ಹನ್ನೆರಡು ಊರು ಬೇಡ, ರುಚಿಗಾರ್ತಿಯೂ ಬೇಡ, ಒಂದೇ ಊರು. ರಾಟೆಯ ಮೊದಲ ರಜೆ ಸಿಕ್ಕ ದಿನ ಕೊನೆಗಲ್ಲನ್ನು ಬೆನ್ನಿಗೆ ಕಟ್ಟಿಕೊಂಡು, ಅದೇ ಬೋಗದದಲ್ಲಿ ನಡೆದು, ಏಳನೇ ಗಣಿಗೆ ಹೋಗುವುದು. ಸುಡುಹೊತ್ತಿನಲ್ಲಿ ಆ ಮುದುಕನ ಮುಂದೆ ಕೂತು ಇಪ್ಪತ್ತೆರಡು ಸಾಲು ಓದುವುದು. ಕಲ್ಲು ಭಾರ ಇದೆ, ನನ್ನ ಸೊಂಟ ಸರಿಯಿಲ್ಲ, ದಾರಿಯಲ್ಲಿ ಬಿರಿದರೆ ಏನು ಗತಿ? ಅವರು ನನ್ನನ್ನು ಬಡಿಯಬಹುದು. ಮುದುಕನಿಗೆ ಕಿವಿ ಕೇಳದೇ ಇರಬಹುದು, ಅದೊಂದು ಚಿಂತೆ ಬೇರೆ. ಕೇಳಿದರೆ ಅವನು ಏನನ್ನುತ್ತಾನೋ ಅದನ್ನು ಬರೆಯುವುದು. ನನ್ನ ಮುಂದಿನ ಕಾದಂಬರಿ ಅದೇ. ಎಷ್ಟು ಕಲ್ಲಾದರೂ ಆಗಲಿ, ಎಷ್ಟು ವರ್ಷ ಹಿಡಿದರೂ ಹಿಡಿಯಲಿ.

ನಿಮಗೊಂದು ಬೇಡಿಕೆ. ನೀವು ಇನ್ನೂ ಆ ಹಾಳೆಯ ಮುಂದೆ ಕೂತಿದ್ದರೆ, ಮಸಿ ಆರದಿದ್ದರೆ, ಆರನೇ ಗುರಿ ಹೊಡೆದುಹಾಕಿ. ಆ ಜಾಗದಲ್ಲಿ ನಿಮ್ಮ ಕತೆ ಯಾವುದರ ಬಗ್ಗೆ ಅಂತ ಒಂದು ಸಾಲು ಬರೆಯಿರಿ. ನಿಮಗೆ ಹೇಳಲು ನಾಚಿಕೆಯಾಗುವ ಸಾಲೇ ಆಗಲಿ. ನೀವು ಬರೆದರೆ ಅದನ್ನು ನಾನು ಹತ್ತೊಂಬತ್ತನೇ ವಯಸ್ಸಿನಲ್ಲಿ ಓದುತ್ತೇನೆ, ಓದಿದ್ದರೆ ನನ್ನ ಕಲ್ಲನ್ನು ಗೋಡೆಯಿಂದ ತಿರುಗಿಸುತ್ತಿರಲಿಲ್ಲ, ನೀಲಗಂಗಾ ಇವತ್ತೂ ನನ್ನ ಪಕ್ಕದ ಹಿಡಿಕೆಯಲ್ಲಿ ಇರುತ್ತಿದ್ದಳು. ನೀವು ಬರೆಯಲಿಲ್ಲ ಅಂತ ನನಗೆ ಗೊತ್ತು. ಹಾಳೆ ನನ್ನ ಮುಂದೆಯೇ ಇದೆ, ನೋಡುತ್ತಿದ್ದೇನೆ, ಏನೂ ಬದಲಾಗಿಲ್ಲ. ಆದರೂ ಕೇಳುತ್ತಿದ್ದೇನೆ.

ಕನ್ನಡಿ ಇಳಿಸುತ್ತಿದ್ದಾರೆ, ಸುಡುಹೊತ್ತು ಮುಗಿಯಿತು. ಅವ್ವ ನೀರಿಗೆ ಕರ್ಲಾಕತ್ತಾಳ, ಬರುತ್ತೇನೆ.

ಮೂರನೇ ಗಣಿಯ ಚಂದಮ್ಮನ ಮಗಳು
ಸಾಬಮ್ಮ